ಹಸನು ಮಾಡಿದ ಅಕ್ಕಿ

೨೦೨೨ನೆಯ ಇಸವಿಯ ಆಗಸ್ಟ್ ೨೩, ಮಂಗಳವಾರ. ಆಧಾರ: ನನ್ನ ಕ್ಷೇತ್ರ ದಿನಚರಿಯ ಕೊನೆಯ ಪುಸ್ತಕ, ನೀಲಿ ರಟ್ಟಿನದು. ವಾರವನ್ನು ಆ ವರ್ಷದ ಗೋಡೆ ಪಂಚಾಂಗದೊಡನೆ ತಾಳೆ ನೋಡಿದ್ದೇನೆ, ಸರಿಯಿದೆ. ಆ ದಿನದ ನಮೂದು ಎರಡೇ ವಾಕ್ಯದ್ದು: “ರಾಯಬಾಗ ತಾಲೂಕು, ತೋಟದ ವಸ್ತಿಯ ಅಂಗನವಾಡಿ, ಮೊದಲ ಭೇಟಿ. ಕಬ್ಬಿಣವೆಲ್ಲ ಎಮ್ಮೆಗೆ ಹೋಗುತ್ತಿದೆ.”

ಈ ಎರಡನೆಯ ವಾಕ್ಯವನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ. ಚಿಕ್ಕ ಮಕ್ಕಳ ಪೌಷ್ಟಿಕತೆಯ ಕೆಲಸಕ್ಕೆ ಹೊಸದಾಗಿ ಸೇರಿರುವ ಕೆಲವರು, ಕ್ಷೇತ್ರದಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಬರೆದುಕೊಡಿ ಎಂದು ಕೇಳಿದ್ದಾರೆ. ಬಡ್ತಿ, ವರ್ಗಾವಣೆಗಳ ವಿವರ ನನ್ನ ಸೇವಾ ಪುಸ್ತಕದಲ್ಲಿದೆ. ಅದು ಅಲ್ಲಿಯೇ ಇರಲಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಅಡುಗೆಮನೆಗಳಲ್ಲಿ ನಾನು ಕಲಿತದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ದಾಖಲೆ ಸಿಕ್ಕಲ್ಲಿ ದಿನಾಂಕ ಕೊಡುತ್ತೇನೆ. ಸಿಗದಲ್ಲಿ ಸಿಗಲಿಲ್ಲವೆಂದು ಹೇಳುತ್ತೇನೆ.

ನನ್ನ ವಿಷಯ ಸಾರವರ್ಧಿತ ಆಹಾರ. ಜನರು ಹೇಗೂ ದಿನನಿತ್ಯ ತಿನ್ನುವ ಅಕ್ಕಿ, ಉಪ್ಪು, ಹಿಟ್ಟುಗಳಿಗೇ ಅವರ ಊಟದಲ್ಲಿ ಕೊರತೆಯಾಗಿರುವ ಕಬ್ಬಿಣವನ್ನೋ ಅಯೋಡಿನನ್ನೋ ಜೀವಸತ್ವವನ್ನೋ ಬೆರೆಸಿ ಕೊಡುವುದು. ಮಾತ್ರೆಯನ್ನು ನೆನಪಿಟ್ಟುಕೊಂಡು ನುಂಗಬೇಕು. ಅನ್ನವನ್ನು ಯಾರೂ ಮರೆಯುವುದಿಲ್ಲ. ಕಾಗದದ ಮೇಲೆ ಇಷ್ಟು ಸರಳವಾದ ವಿಚಾರ ಇನ್ನೊಂದಿಲ್ಲ. ಆ ಸರಳತೆಯನ್ನು ನಂಬಿಕೊಂಡೇ ನಾನು ಸೇವೆಯ ಬಹುಭಾಗವನ್ನು ಕಳೆದೆ.

ಮೊದಲ ಪ್ರಮಾದ ಸದಲಗಾದ ಹತ್ತಿರ ನಡೆಯಿತು. ದಿನಚರಿಯ ಆ ಪುಟಗಳ ಮೇಲೆ ನೀರು ಬಿದ್ದು ಶಾಯಿ ಹರಡಿದೆ. ಈ ಶತಮಾನದ ಆರಂಭದ ವರ್ಷಗಳೆಂದಷ್ಟೇ ಹೇಳಬಲ್ಲೆ. ಆಗ ನಾವು ಕಬ್ಬಿಣಾಂಶದ ಪುಡಿಯ ಸಣ್ಣ ಚೀಟಿಗಳನ್ನು ಮನೆಮನೆಗೆ ಕೊಡುತ್ತಿದ್ದೆವು. ದಿನಕ್ಕೊಂದು ಚೀಟಿ ಹರಿದು ಮಗುವಿನ ತಾಟಿನಲ್ಲಿ ಕಲಸಬೇಕು. ಖಾಲಿ ಚೀಟಿಗಳನ್ನು ತೆಗೆದಿಡಬೇಕು. ತಿಂಗಳ ಕೊನೆಗೆ ನಾನು ಹೋಗಿ ಖಾಲಿ ಚೀಟಿ ಎಣಿಸುತ್ತಿದ್ದೆ. ಹೈನಿನ ವ್ಯವಹಾರದ ಒಂದು ದೊಡ್ಡ ಮನೆಯಲ್ಲಿ ಲೆಕ್ಕ ಒಂದು ಚೀಟಿಯೂ ತಪ್ಪದೆ ಕೂಡುತ್ತಿತ್ತು. ಆದರೆ ಮಗುವಿನ ಕಣ್ಣ ರೆಪ್ಪೆಯ ಒಳಬದಿ ಮಾತ್ರ ಬಿಳಿಚಿಕೊಂಡೇ ಇತ್ತು.

ಒಮ್ಮೆ ನನ್ನ ಮಾರ್ಗದರ್ಶಿಯಾಗಿದ್ದ ಹಿರಿಯ ವಿಜ್ಞಾನಿ ಜೊತೆಗೆ ಬಂದರು. ಅವರು ಚೀಟಿ ಎಣಿಸಲಿಲ್ಲ. ಮನೆಯ ಹಿರಿಯಳಾದ ಅಕ್ಕಾತಾಯಿಯನ್ನು, ಪುಡಿಯನ್ನು ಎಲ್ಲಿ ಹಾಕುತ್ತೀರಿ ಎಂದು ಕೇಳಿದರು.

“ಎಲ್ಲಿ ಅಂದ್ರ? ಬ್ಯಾಳಿ ಗಡಗ್ಯಾಗ ಹಾಕತೇನ್ರಿ,” ಎಂದಳು ಅಕ್ಕಾತಾಯಿ.

“ಕೂಸಿನ ತಾಟಿನಲ್ಲಿ ಅಲ್ಲವೇ?”

“ಅದೊಂದ ಕೂಸಿಗಿ ಬ್ಯಾರೆ ಹಾಕಿ, ಉಳದ ನಾಕ ಕೂಸ ಅದರ ಬಾಯಿ ನೋಡಕೋತ ಕುಂಡ್ರಬೇಕೇನ್ರಿ? ನಮ್ಮ ಮನ್ಯಾಗ ಹಂಗ ಪಂಕ್ತಿಭೇದ ಇಲ್ರಿ. ಮ್ಯಾಲ ಮುದಕಗೂ ಒಂದೀಟ ಶಕ್ತಿ ಬರಲಿ ಬಿಡ್ರಿ, ಮೊನ್ನಿ ಎಮ್ಮಿ ಹಿಡಿಯಾಕ ಹೋಗಿ ಬಿದ್ದಾನ.”

ಕಟ್ಟೆಯ ಮೇಲೆ ಕುಳಿತಿದ್ದ ಅವಳ ಗಂಡ ತಿರುಗಿ ನೋಡದೆಯೇ ಹೇಳಿದ: “ನಾ ಬಿದ್ದಿಲ್ಲ. ಎಮ್ಮಿ ಕೆಡವೇತಿ.”

ಹನ್ನೊಂದು ಜನರ ಬೇಳೆಯಲ್ಲಿ ಒಂದು ಮಗುವಿನ ಪುಡಿ ಕರಗಿಹೋಗುತ್ತಿತ್ತು. ಹಿಂದಿರುಗುವಾಗ ಮಾರ್ಗದರ್ಶಿಗಳು ನನ್ನನ್ನು ಗದರಲಿಲ್ಲ. “ನೀವು ಇಷ್ಟು ದಿನ ಎಣಿಸಿದ್ದು ಹರಿದ ಕಾಗದವನ್ನು. ಇನ್ನು ಮುಂದೆ ಪುಡಿಯ ಹಿಂದೆ ಹೋಗಿ, ಮಗುವಿನ ಬಾಯಿಯ ತನಕ ಹೋಗಿ,” ಎಂದರು. ಆ ಮಾತನ್ನು ದಿನಚರಿಯಲ್ಲಿ ಬರೆದುಕೊಂಡೆ. ಬರೆದುಕೊಂಡ ಮಾತ್ರಕ್ಕೆ ಕಲಿತಂತಾಗುವುದಿಲ್ಲವೆಂಬುದು ಮುಂದೆ ತಿಳಿಯುತ್ತದೆ. ಆ ಹಿರಿಯರು ಈಗಿಲ್ಲ. ಅವರ ಋಣವನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾರೆ.

ಎರಡನೆಯದು ಉಪ್ಪಿನ ಪ್ರಕರಣ. ಯಡೂರಿನ ಕಡೆ ಕುರಿ ಸಾಕುವ ಮಾಯಪ್ಪನೆಂಬವನ ಮನೆ. ಅಯೋಡಿನ್ ಬೆರೆಸಿದ ಉಪ್ಪು ಬಳಸುತ್ತೀರಾ ಎಂಬುದು ನಮ್ಮ ಅಚ್ಚಾದ ಪ್ರಶ್ನೆ. ಮಾಯಪ್ಪ ಹೌದೆಂದ, ಗೋಡೆಯ ಮಾಡದಲ್ಲಿಟ್ಟಿದ್ದ ಪಾಕೀಟನ್ನು ತೋರಿಸಿದ. ನಾನು ಗುರುತು ಹಾಕಿಕೊಂಡು ಏಳುವವಳಿದ್ದೆ. ಪಾಕೀಟಿನ ಮೇಲೆ ಬೆರಳು ದಪ್ಪದ ಧೂಳು ಕಂಡು, ಇದನ್ನೇಕೆ ಒಡೆದಿಲ್ಲ ಎಂದು ಕೇಳಿದೆ.

“ಬೀಗ್ರ ಬಂದಾಗ ಒಡೀತೇವ್ರಿ.”

“ಬೀಗರಿಗೇ ಯಾಕೆ?”

“ಬೆಳ್ಳಗ ಐತಲ್ರಿ. ತಾಟಿನ ಅಂಚಿಗಿ ಹಾಕಿದ್ರ ಚಂದ ಕಾಣತೈತಿ. ನಮಗ ಈ ಕುರಿ ಉಪ್ಪ ಸಾಕು.” ಮೂಲೆಯ ಚೀಲದಲ್ಲಿ ಕುರಿಗಳಿಗೆಂದು ತಂದ ಹರಳುಪ್ಪಿತ್ತು, ಅಡುಗೆಗೂ ಅದೇ. ಅದಕ್ಕೆ ಅಯೋಡಿನ್ ಬೆರೆಸಿರುವುದಿಲ್ಲ ಎಂದು ನಾನು ವಿವರಿಸತೊಡಗಿದೆ. ಮಾಯಪ್ಪ ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡ. ಆಮೇಲೆ ನನ್ನ ಕನ್ನಡಕ ನೋಡಿ, “ಎಲ್ಲಾ ಖರೇ ಐತ್ರಿ. ಆದ್ರ ನಮ್ಮ ಕುರ್ಯಾಗ ಒಂದಕ್ಕರ ಚಸ್ಮಾ ಐತೇನ ನೋಡ್ರಿ,” ಎಂದ.

ಅವನ ಹೆಂಡತಿ ಒಳಗಿಂದ ನಕ್ಕಳು, ನಾನೂ ನಕ್ಕೆ. ಆದರೆ ಅಂದಿನಿಂದ ನಮ್ಮ ಪ್ರಶ್ನಾವಳಿ ಬದಲಾಯಿತು. ಉಪ್ಪು ಇದೆಯೇ ಎಂದು ಕೇಳುವುದನ್ನು ಬಿಟ್ಟು, ಇವತ್ತಿನ ಸಾರಿಗೆ ಹಾಕಿದ ಉಪ್ಪನ್ನು ಒಂದು ಚಿಟಿಕೆ ಕೊಡಿ ಎಂದು ಕೇಳತೊಡಗಿದೆವು. ಅದರ ಮೇಲೆ ಪರೀಕ್ಷೆಯ ಹನಿ ಬಿಟ್ಟರೆ ನೀಲಿಗೆ ತಿರುಗಬೇಕು. ಎಷ್ಟೋ ಮನೆಗಳಲ್ಲಿ ತಿರುಗಲಿಲ್ಲ. ಪ್ರಶ್ನೆಯೊಂದನ್ನು ತಿದ್ದುವುದಕ್ಕೆ ನಮಗೆ ಒಬ್ಬ ಕುರಿಗಾರನ ಹಾಸ್ಯ ಬೇಕಾಯಿತು.

ಅನಂತರ ಬಂದದ್ದು ಸಾರವರ್ಧಿತ ಅಕ್ಕಿ. ಇದನ್ನು ಸ್ವಲ್ಪ ವಿವರಿಸಬೇಕು. ಅಕ್ಕಿಯ ಹಿಟ್ಟಿಗೆ ಕಬ್ಬಿಣ ಮತ್ತು ಜೀವಸತ್ವಗಳನ್ನು ಬೆರೆಸಿ, ಯಂತ್ರದಲ್ಲಿ ಒತ್ತಿ, ಮತ್ತೆ ಅಕ್ಕಿಕಾಳಿನ ಆಕಾರ ಕೊಡುತ್ತಾರೆ. ಇಂಥ ಒಂದು ಪಾಲು ಕಾಳನ್ನು ನೂರು ಪಾಲು ಮಾಮೂಲಿ ಅಕ್ಕಿಗೆ ಕಲಸುತ್ತಾರೆ. ಅಂಗನವಾಡಿಗೆ ಬರುವ ಚೀಲದಲ್ಲಿ ಎಲ್ಲವೂ ಒಂದೇ ಅಕ್ಕಿಯಂತೆ ಇರುತ್ತದೆ. ಆದರೆ ಹತ್ತಿರದಿಂದ ನೋಡಿದರೆ ಆ ಕಾಳುಗಳ ಬಣ್ಣ ತುಸು ಹಳದಿ, ಮೈ ತುಸು ಮಬ್ಬು. ಕೆಲವು ನೀರಿನಲ್ಲಿ ತೇಲುತ್ತವೆ.

ಇದು ಪ್ಲಾಸ್ಟಿಕ್ ಅಕ್ಕಿ ಎಂಬ ಸುದ್ದಿ ನಮಗಿಂತ ಮೊದಲೇ ಮೊಬೈಲುಗಳ ಮೂಲಕ ಊರೂರು ತಲುಪಿತ್ತು. ನಿಪ್ಪಾಣಿಯ ತಾಯಂದಿರ ಸಭೆಯೊಂದರಲ್ಲಿ ಒಬ್ಬ ಅಜ್ಜಿ ಎದ್ದು ನಿಂತು ಮರಾಠಿಯಲ್ಲಿ, “ತುಮ್ಹೀ ಆಧೀ ಖಾ, ಡಾಕ್ಟರ್‌ಬಾಯಿ,” ಎಂದಳು. ನೀವು ಮೊದಲು ತಿನ್ನಿ ಎಂದು. ನಾನು ಚೀಲದಿಂದ ಒಂದು ಹಿಡಿ ತೆಗೆದು ಎಲ್ಲರೆದುರು ಹಸಿಯಾಗಿಯೇ ಅಗಿದೆ. ಅಜ್ಜಿ ನೆರೆಯವಳ ಕಡೆ ತಿರುಗಿ, ನನಗೆ ಕೇಳಿಸಲೆಂದೇ ಕನ್ನಡದಲ್ಲಿ, “ಹಸೀ ಅಕ್ಕಿ ತಿಂದ್ರ ಹೊಟ್ಟಿ ಕಡೀತೈತಿ. ಇಷ್ಟ ಓದ್ಯಾರ, ಅದೂ ತಿಳೀವಲ್ದು,” ಎಂದಳು. ಸಭೆ ನಕ್ಕಿತು, ಅಕ್ಕಿ ಬೆಂದಿತು, ಮಕ್ಕಳು ಉಂಡರು.

ವಿರೋಧವೆಂದರೆ ಹೀಗೆ ಎದ್ದು ನಿಂತು ಮಾತಾಡುತ್ತದೆ, ಅದಕ್ಕೆ ಉತ್ತರ ಕೊಟ್ಟರೆ ಕೆಲಸ ಮುಗಿಯಿತು ಎಂದು ನಾನು ತಿಳಿದಿದ್ದೆ. ವಿರೋಧವೇ ಇಲ್ಲದ ಕಡೆ, ನಮ್ಮ ಮೇಲೆ ಪೂರ್ಣ ವಿಶ್ವಾಸವಿದ್ದ ಕಡೆ, ಅಕ್ಕಿ ಸದ್ದಿಲ್ಲದೆ ದಾರಿ ತಪ್ಪಬಹುದೆಂಬ ಕಲ್ಪನೆ ನನಗಿರಲಿಲ್ಲ.

೨೦೨೨ರ ಮಳೆಗಾಲದಲ್ಲಿ ಕೆಲವು ಅಂಗನವಾಡಿಗಳ ಮಕ್ಕಳ ಬೆರಳ ತುದಿಯ ರಕ್ತ ಪರೀಕ್ಷಿಸಿದೆವು. ಸುತ್ತಲಿನ ಕೇಂದ್ರಗಳ ಮಕ್ಕಳ ಹಿಮೋಗ್ಲೋಬಿನ್ನಿನಲ್ಲಿ ತುಸುವಾದರೂ ಏರಿಕೆ ಕಂಡಿತು. ದಿಗ್ಗೇವಾಡಿಯ ಆಚೆ, ಕೃಷ್ಣೆಯ ದಂಡೆಯ ಕಬ್ಬಿನ ತೋಟಗಳ ನಡುವಿನ ಒಂದು ವಸ್ತಿಯ, ಎಂದರೆ ತೋಟದ ಮನೆಗಳ ಗುಂಪಿನ, ಕೇಂದ್ರದಲ್ಲಿ ಮಾತ್ರ ಏನೂ ಇಲ್ಲ. ವಸ್ತಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ವಿಚಿತ್ರವೆಂದರೆ ಅದು ಶಿಸ್ತಿಗೆ ಹೆಸರಾದ ಕೇಂದ್ರ. ಹಾಜರಿ ಪೂರ್ಣ, ಹೊತ್ತಿಗೆ ಸರಿಯಾಗಿ ಊಟ, ತೊಳೆದಿಟ್ಟ ಕೊಡಗಳಲ್ಲಿ ಮುಖ ಕಾಣುವಂತಿತ್ತು. ಕಾರಣ ಹುಡುಕಲು ಆಗಸ್ಟ್ ೨೩ರಂದು ನಾನು ಅಲ್ಲಿಗೆ ಹೋದೆ. ಆ ಕೇಂದ್ರಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು.

ಕಾರ್ಯಕರ್ತೆ ಸುರೇಖಾ ಮಕ್ಕಳಿಗೆ ಹಾಡು ಹೇಳಿಸುತ್ತಿದ್ದಳು. ಬಾಗಿಲ ಬೆಳಕಿನಲ್ಲಿ ಸಹಾಯಕಿ ಲಗಮವ್ವ ಕುಳಿತಿದ್ದಳು. ಐವತ್ತರ ಸುಮಾರಿನ ಹೆಂಗಸು. ಹದಿನೆಂಟು ವರ್ಷಗಳಿಂದ ಅಲ್ಲಿ ಅಡುಗೆ ಮಾಡುತ್ತಿದ್ದಳು. ಮೊರದಲ್ಲಿ ಅಕ್ಕಿ ಹರವಿಕೊಂಡು ಹಸನು ಮಾಡುತ್ತಿದ್ದಳು. ಈ ಕಡೆ ಕಾಳು ಹಸನು ಮಾಡುವುದು ಅಡುಗೆಯ ಮೊದಲ ಧರ್ಮ; ಹೊಸ ಸೊಸೆಯ ಕೈಯನ್ನು ಅದರಿಂದಲೇ ಅಳೆಯುತ್ತಾರೆ. ನಾನೂ ಹಾಗೆಯೇ ಅಳೆಯಿಸಿಕೊಂಡವಳು. ಅವಳ ಬೆರಳುಗಳು ಹಕ್ಕಿಯ ಕೊಕ್ಕಿನಂತೆ ಆಡುತ್ತಿದ್ದವು. ಹಳ್ಳು, ಎಂದರೆ ಸಣ್ಣ ಕಲ್ಲು, ಒಂದು ಕಡೆ, ನೆಲ್ಲು ಒಂದು ಕಡೆ. ಮೂರನೆಯದೊಂದು ಸಣ್ಣ ಗುಡ್ಡೆ ಮೊರದ ಅಂಚಿನಲ್ಲಿ ಬೆಳೆಯುತ್ತಿತ್ತು. ಕಾಳುಗಳು ತುಸು ಹಳದಿಯಾಗಿದ್ದವು.

ನಾನು ಪಕ್ಕದಲ್ಲಿ ಕುಳಿತೆ. “ಈ ಕಾಳನ್ನು ಯಾಕೆ ತೆಗೆಯುತ್ತೀರಿ?”

“ಕೆಟ್ಟ ಕಾಳ್ರಿ ಮೇಡಮ್ಮಾರ. ಬಣ್ಣ ನೋಡ್ರಿ. ಸಣ್ಣ ಸಣ್ಣ ಕೂಸ ಉಣ್ಣಾವು, ಅವಕ್ಕ ಹೆಂಗ ಹಾಕ್ಲಿ?”

“ಎಲ್ಲವನ್ನೂ ತೆಗೆಯುತ್ತೀರಾ?”

“ಒಂದೂ ಬಿಡಂಗಿಲ್ರಿ,” ಎಂದಳು, ಅಭಿಮಾನದಿಂದಲೇ. “ಕೈಗಿ ಸಿಗದವು ತೊಳದಾಗ ತೇಲತಾವ. ಮ್ಯಾಲಿನ ನೀರ ಬಸದ್ನಿ ಅಂದ್ರ ಅವೂ ಹ್ವಾದೂವು.”

“ಎಲ್ಲಿಗೆ?”

ಅವಳು ಗದ್ದವೆತ್ತಿ ಹೊರಗೆ ತೋರಿಸಿದಳು. ಬನ್ನಿಯ ಗಿಡದಡಿ ಒಂದು ಎಮ್ಮೆ ಮೆಲುಕು ಹಾಕುತ್ತಿತ್ತು. “ನಮ್ಮ ಎಮ್ಮಿಗ್ರಿ. ಚೆಲ್ಲೂದ್ಯಾಕ, ಎಷ್ಟಂದ್ರೂ ಅನ್ನ ಅದು.”

ಸುರೇಖಾ ಒಳಗಿಂದ, “ಎಮ್ಮಿ ಭಾಳ ಚಲೋ ಆಗೇತ್ರಿ ಮೇಡಮ್, ಈ ಅಕ್ಕಿ ಬಂದಾಗಿಂದ ಮೈ ಮಿಂಚಾಕತ್ತೇತಿ,” ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ನಾನು ವಿಷಯವನ್ನು ವಿವರಿಸಿದೆ. ಆ ಹಳದಿ ಕಾಳಿನಲ್ಲಿಯೇ ಕಬ್ಬಿಣವಿದೆ. ಅದನ್ನು ತೆಗೆದರೆ ಉಳಿಯುವುದು ಬರೀ ಅಕ್ಕಿ. ಲಗಮವ್ವ ಮೊರವನ್ನು ನಿಧಾನವಾಗಿ ನೆಲದ ಮೇಲಿಟ್ಟಳು.

“ಅಂದ್ರ ಇಷ್ಟ ದಿನಾ ನಾ ಕೂಸಗೋಳ ಬಾಯಾಗಿಂದ ಔಷಧಾ ತಗದನೇನ್ರಿ?”

ಸಂಜೆ ದಿನಚರಿಯಲ್ಲಿ ಎಮ್ಮೆಯ ಮಾತನ್ನು ಮಾತ್ರ ಚಮತ್ಕಾರವಾಗಿ ಬರೆದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಮರುದಿನ ಕಳಿಸಿದ ವರದಿಯಲ್ಲಿಯೂ ಅದೇ ಧಾಟಿಯ ವಾಕ್ಯ ನುಸುಳಿತು. ವರದಿಯ ನಕಲು ನನ್ನ ಮುಂದಿದೆ: “ಸಾರವರ್ಧಿತ ಕಾಳುಗಳನ್ನು ಸಹಾಯಕಿಯು ಬೇರ್ಪಡಿಸಿ ತನ್ನ ಸ್ವಂತ ಎಮ್ಮೆಗೆ ಹಾಕುತ್ತಿರುವುದು ಕಂಡುಬಂದಿತು.” ಒಂದಕ್ಷರವೂ ಸುಳ್ಳಲ್ಲ. ಆದರೆ ಅವಳು ಬಾಗಿಲ ಬೆಳಕಿನಲ್ಲಿ ಕುಳಿತಿದ್ದಳೆಂಬುದಾಗಲಿ, ಆ ಕಾಳು ಏನೆಂದು ಅವಳಿಗೆ ಯಾರೂ ಹೇಳಿರಲಿಲ್ಲವೆಂಬುದಾಗಲಿ ಆ ವಾಕ್ಯದಲ್ಲಿಲ್ಲ. ಹೊಸಬರು ಇದನ್ನು ಗಮನಿಸಬೇಕು. ನಮ್ಮ ವರದಿಯನ್ನು ಓದುವವರು ಆ ಬಾಗಿಲಲ್ಲಿ ಕುಳಿತಿರುವುದಿಲ್ಲ.

ಓದಿದವರು ಒಬ್ಬ ಮೇಲಧಿಕಾರಿ. ಮಕ್ಕಳ ಪಡಿತರ ಸಹಾಯಕಿಯ ಎಮ್ಮೆಗೆ ಹೋಗುತ್ತಿದೆ ಎಂದಷ್ಟೇ ಅವರಿಗೆ ಅರ್ಥವಾಯಿತು; ಆಗಬೇಕಾದದ್ದೂ ಅದೇ. ಆಗಸ್ಟ್ ೨೯, ಸೋಮವಾರ, ಗಣೇಶ ಚೌತಿಗೆ ಎರಡು ದಿನ ಮೊದಲು, ಲಗಮವ್ವನನ್ನು ಕೆಲಸದಿಂದ ತೆಗೆಯುವ ಪತ್ರ ಬರೆಸಿಕೊಂಡೇ ಅವರು ವಸ್ತಿಗೆ ಬಂದರು. ವರದಿ ಮಾಡಿದವಳೆಂದು ನನ್ನನ್ನೂ ಕರೆಸಿದ್ದರು. ತಾಯಂದಿರು ಅಂಗಳದಲ್ಲಿ ನೆರೆದಿದ್ದರು. ಕಳ್ಳತನದ ಹೆಸರು ಹೊತ್ತು ಹೋದರೆ, ಅದೇ ತೋಟಗಳ ನಡುವೆ ಅವಳು ಮತ್ತೆ ತಲೆಯೆತ್ತಿ ನಡೆಯುವುದು ಹೇಗೆ ಎಂಬುದು ಎಲ್ಲರಿಗೂ ಗೊತ್ತಿತ್ತು.

“ಮಕ್ಕಳ ರೇಶನ್ ನಿನ್ನ ಎಮ್ಮಿಗಿ ಹಾಕಿದ್ದು ಹೌದೋ ಅಲ್ಲೋ?” ಎಂದರು ಅಧಿಕಾರಿ.

“ಹೌದ್ರಿ,” ಎಂದಳು ಲಗಮವ್ವ.

“ಎಂದಿನಿಂದ?”

“ಈ ಅಕ್ಕಿ ಬಂದಾಗಿಂದ್ರಿ.”

“ಯಾರಿಗೂ ಗೊತ್ತಾಗದಂಗ ಮಾಡೀಯಲ್ಲ?”

“ಬಾಗಲದಾಗ ಕುಂತ ಹಸನ ಮಾಡತೇನ್ರಿ ಸಾಹೇಬ್ರ. ಹೋಗಾವ್ರು ಬರಾವ್ರು ಎಲ್ಲಾರೂ ನೋಡ್ಯಾರ. ಮುಚ್ಚಿಡೂದೇನ ಬಂತು?”

ಹಿಂದಿನ ಸಾಲಿನಿಂದ ಒಬ್ಬ ಮುದುಕಿ, ಮೊಮ್ಮಗಳನ್ನು ಕಂಕುಳಲ್ಲಿ ಇರುಕಿಕೊಂಡವಳು, ಕೂಗಿದಳು: “ಏ ಸಾಹೇಬ್ರ, ಅಕಿ ಕೈ ನಿಮ್ಮ ಪೆನ್ನಕಿಂತ ಸ್ವಚ್ಛ ಐತಿ! ಕಳ್ಳಿ ಅಂದ್ರ ನಾಲಿಗಿ ಬೀಳತೈತಿ ನೋಡ್ರಿ!”

“ಸುಮ್ಮನಿರ ಬೇ ಆಯಿ,” ಎಂದು ಲಗಮವ್ವನೇ ಅವಳನ್ನು ಗದರಿದಳು.

ಆಗ ನಾನು ಎದ್ದು ನಿಂತೆ. ನಾನು ಹೇಳಿದ್ದು ನನಗೆ ಇಂದಿಗೂ ಸ್ಪಷ್ಟವಾಗಿ ನೆನಪಿದೆ. “ಸಾರ್, ವರದಿ ನನ್ನದು. ವರದಿಯಲ್ಲಿರುವುದು ನಿಜ, ಆದರೆ ಅರ್ಧ ನಿಜ. ನಾವು ಅಕ್ಕಿ ಕಳಿಸಿದೆವು. ಅದರ ಜೊತೆ ಮಾತು ಕಳಿಸಲಿಲ್ಲ. ಬಣ್ಣಗೆಟ್ಟ ಕಾಳನ್ನು ಮಕ್ಕಳಿಗೆ ಹಾಕಬಾರದೆಂದು ಈ ತಾಯಿಗೆ ಅವಳ ಅತ್ತೆ ಕಲಿಸಿದ್ದಾಳೆ. ಹಾಕಬೇಕೆಂದು ಕಲಿಸಬೇಕಾದವರು ನಾವು. ನಾವು ಕಲಿಸಲಿಲ್ಲ. ತೆಗೆಯುವುದಾದರೆ ಮೊದಲು ನನ್ನನ್ನು ತೆಗೆಯಿರಿ.”

ಅಧಿಕಾರಿ ಕೈಯಲ್ಲಿದ್ದ ಪತ್ರವನ್ನು ಮಡಿಸಿದರು. ಕೆಟ್ಟ ಮನುಷ್ಯರಲ್ಲ ಅವರು. ಅವರ ಕೈಗೆ ಅರ್ಧ ನಿಜವನ್ನು ಕೊಟ್ಟವಳು ನಾನು. “ಹಂಗಾದ್ರ ಇದನ್ನ ಬರದ ಕೊಡ್ರಿ,” ಎಂದರು. ಅಲ್ಲಿಯೇ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಹಾಳೆಯಿಟ್ಟು ಬರೆದುಕೊಟ್ಟೆ. ಪತ್ರ ಅವರ ಚೀಲಕ್ಕೆ ವಾಪಸಾಯಿತು. ಲಗಮವ್ವ ಒಳಗೆ ಹೋಗಿ ಮಕ್ಕಳಿಗೆ ಅನ್ನಕ್ಕಿಟ್ಟಳು. ಆ ದಿನ ನೀರು ಬಸಿಯಲಿಲ್ಲ.

ಅನಂತರದ ಕಥೆ ಅವಳದು. ನಾವು ಅಚ್ಚು ಹಾಕಿಸಿದ ಬಣ್ಣದ ಹಾಳೆಗಳು ಗೋಡೆಯ ಮೇಲೆ ಸುಮ್ಮನೆ ತೂಗಿದವು. ಅಥಣಿ, ಕಾಗವಾಡಗಳ ಸಹಾಯಕಿಯರ ಸಭೆಗಳಿಗೆ ಲಗಮವ್ವನನ್ನೇ ಕರೆದುಕೊಂಡು ಹೋಗತೊಡಗಿದೆ. ಮೊದಲ ಸಲ ಬರಲು ಒಲ್ಲೆನೆಂದಳು. “ಎಮ್ಮಿಗಿ ಹಾಕಿದಾಕಿ ಅಂತ ನಗತಾರ್ರಿ,” ಎಂದಳು. “ನಗಲಿ,” ಎಂದೆ. ಅವಳು ವೇದಿಕೆ ಹತ್ತಲಿಲ್ಲ. ನೆಲದ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಹರವಿದಳು. ಎಲ್ಲರೂ ಸುತ್ತ ಕುಳಿತರು. ಹಳ್ಳು ತೆಗೆದಳು, ನೆಲ್ಲು ತೆಗೆದಳು. ಹಳದಿ ಕಾಳೊಂದನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

“ಇದ ಕೆಟ್ಟ ಕಾಳ ಅಲ್ಲವ್ವಾ. ಇದರಾಗ ಕೂಸಿನ ರಕ್ತ ಐತಿ. ನಾ ಇದನ್ನ ಆರಿಸಿ ಆರಿಸಿ ಎಮ್ಮಿಗಿ ಹಾಕಿದಾಕಿ, ನಾ ಹೇಳಾಕತ್ತೇನಿ. ಎಮ್ಮಿ ಗಟ್ಟಿ ಆತು, ಕೂಸ ಹಂಗ ಉಳದೂವು. ನೀವ್ಯಾರೂ ನನ್ನಷ್ಟ ಶಾಣ್ಯಾ ಆಗಬ್ಯಾಡ್ರಿ.” ಆ ಕಾಳನ್ನು ಮತ್ತೆ ಅಕ್ಕಿಗೇ ಹಾಕಿದಳು.

ನಕ್ಕರು. ನಕ್ಕ ಮೇಲೆ ಒಬ್ಬೊಬ್ಬರಾಗಿ, “ನಾನೂ ಆರಸತಿದ್ನಿ,” “ನಾನೂ,” ಎಂದು ಒಪ್ಪಿಕೊಳ್ಳತೊಡಗಿದರು. ನಮ್ಮ ಎದುರು ಯಾರೂ ಹೇಳದಿದ್ದದ್ದು ಅವಳ ಎದುರು ಹೊರಬಂತು. ತೊಳೆಯುವ ಕ್ರಮವನ್ನೂ ಅವಳೇ ಕಲಿಸಿದಳು: ನೀರು ಕಡಿಮೆ, ಒಂದೇ ಸಲ, ಮೇಲೆ ತೇಲಿದ್ದನ್ನು ಕೈಯಿಂದ ಒಳಗೆ ಒತ್ತು. ನಮ್ಮ ಭೇಟಿಯ ನಮೂನೆಯಲ್ಲಿ ಹೊಸ ಸಾಲೊಂದು ಸೇರಿತು: “ಅಕ್ಕಿ ಹಸನು ಮಾಡುವುದನ್ನು ಕುಳಿತು ನೋಡಿದ್ದೀರಾ?”

ಮುಂದಿನ ಪರೀಕ್ಷೆಯಲ್ಲಿ ಆ ವಸ್ತಿಯ ಮಕ್ಕಳ ರಕ್ತವೂ ಏರಿತು. ಇದಕ್ಕೆ ಅಕ್ಕಿಯೊಂದೇ ಕಾರಣವೆಂದು ನಾನು ಹೇಳಲಾರೆ. ಅದೇ ಅವಧಿಯಲ್ಲಿ ಜಂತುಹುಳದ ಮಾತ್ರೆ ಕೊಟ್ಟಿದ್ದರು, ಮೊಟ್ಟೆಯೂ ಸಿಗುತ್ತಿತ್ತು, ಮಕ್ಕಳು ಕೆಲವು ತಿಂಗಳು ದೊಡ್ಡವರೂ ಆಗಿದ್ದರು. ಹೊಸಬರು ಇಂಥ ಕಡೆ ಸಂತೋಷಪಡಲಿ, ಆದರೆ ಕಾರಣವನ್ನು ಒಂದಕ್ಕೇ ಕಟ್ಟಿಹಾಕದಿರಲಿ. ಅಂದು ಅಂಗಳದಲ್ಲಿ ಕೂಗಿದ್ದ ಆ ಮುದುಕಿಯ ಮೊಮ್ಮಗಳ ರೆಪ್ಪೆಯ ಒಳಬದಿಯಲ್ಲಿ ನಸುಗೆಂಪು ಬಂದದ್ದನ್ನು ನಾನು ಕಣ್ಣಾರೆ ನೋಡಿದೆ. ಅದಷ್ಟನ್ನು ಸಾಕ್ಷಿಯಾಗಿ ಹೇಳುತ್ತೇನೆ.

೨೦೨೩ರ ಜೂನ್ ೩೦ರಂದು ನಿವೃತ್ತಳಾದೆ. ಅಕ್ಕಾತಾಯಿ, ಮಾಯಪ್ಪ, ಹಸಿ ಅಕ್ಕಿಯ ಅಜ್ಜಿ ಇವರೆಲ್ಲ ನನಗೆ ಕಲಿಸಿದರು. ಯಾರೂ ಗುರುದಕ್ಷಿಣೆ ಕೇಳಲಿಲ್ಲ. ಲಗಮವ್ವನ ವಿಷಯದಲ್ಲಿ ಮಾತ್ರ, ಪಡೆದದ್ದಕ್ಕೆ ಪ್ರತಿಯಾಗಿ ನಾನೂ ಏನನ್ನೋ ಕೊಟ್ಟೆನೆಂಬ ಸಮಾಧಾನವಿತ್ತು. ತರಬೇತಿಗಳಲ್ಲಿ ಈ ಪ್ರಸಂಗವನ್ನು ಎಷ್ಟೋ ಸಲ ಹೇಳಿದ್ದೇನೆ: ಮೊದಲ ಭೇಟಿಯಲ್ಲಿಯೇ, ಹತ್ತು ನಿಮಿಷ ಪಕ್ಕದಲ್ಲಿ ಕುಳಿತದ್ದರಿಂದಲೇ, ತಪ್ಪು ಕಣ್ಣಿಗೆ ಬಿತ್ತು ಎಂದು.

ಇಲ್ಲಿಯವರೆಗೆ ಬರೆದು ಮುಗಿಸಿದ ಮೇಲೆ, ಕಳೆದ ವಾರ, ಆಗಸ್ಟ್ ೨೩ರ ದಿನಾಂಕವನ್ನು ಖಚಿತಪಡಿಸಿಕೊಳ್ಳಲೆಂದು ಸುರೇಖಾಳಿಗೆ ಫೋನ್ ಮಾಡಿದೆ. ಕೇಂದ್ರದ ಭೇಟಿ ಪುಸ್ತಕದಲ್ಲಿ ನನ್ನ ಸಹಿಯಿರುವ ಪುಟದ ಚಿತ್ರ ಕಳಿಸಲು ಕೇಳಿದೆ. ಅವಳು, “ಯಾವುದ್ರಿ ಮೇಡಮ್, ಎರಡು ಅದಾವಲ್ರಿ,” ಎಂದಳು. ಎರಡನ್ನೂ ಕಳಿಸಿದಳು.

ಒಂದು ಆಗಸ್ಟ್ ೨೩ರದು. ಇನ್ನೊಂದು ೨೦೨೨ರ ಎಪ್ರಿಲ್ ೨೦, ಬುಧವಾರದ್ದು. ಹೊಸ ಅಕ್ಕಿ ಬಂದು ಕೆಲವೇ ವಾರಗಳಾಗಿದ್ದ ಕಾಲ. ಆ ದಿನ ನನ್ನ ದಿನಚರಿಯಲ್ಲಿರುವುದು “ರಾಯಬಾಗ ಕಡೆ ಮೂರು ಕೇಂದ್ರ, ವಿಪರೀತ ಬಿಸಿಲು” ಎಂದು ಮಾತ್ರ. ಭೇಟಿ ಪುಸ್ತಕದಲ್ಲಿ ಹೀಗಿದೆ: “ಅಕ್ಕಿಯಲ್ಲಿ ಬಣ್ಣಗೆಟ್ಟ ಕಾಳು ಒಂದೂ ಇಲ್ಲದಂತೆ ಹಸನು ಮಾಡಲಾಗಿದೆ. ಸಹಾಯಕಿಯ ಶ್ರದ್ಧೆ ಮೆಚ್ಚತಕ್ಕದ್ದು. ಇತರ ಕೇಂದ್ರಗಳಿಗೆ ಮಾದರಿ.”

ನಾನು ಮತ್ತೆ ಫೋನ್ ಮಾಡಿ, ಅಧಿಕಾರಿ ಬಂದಿದ್ದ ಆ ಸೋಮವಾರ ಈ ಪುಟವನ್ನು ಏಕೆ ತೋರಿಸಲಿಲ್ಲ ಎಂದು ಕೇಳಿದೆ.

“ನಾ ತರಾಕ ಎದ್ದಿದ್ನಿರಿ ಮೇಡಮ್. ಲಗಮಕ್ಕ ನನ್ನ ಕೈ ಹಿಡದ ಕುಂಡ್ರಿಸಿದ್ಲು. ‘ಬ್ಯಾಡ್ರಿ ಬಾಯಾರ, ಮೇಡಮ್ಮಾರ ತಾವ ಎದ್ದ ನಿಂತಾರ, ಹೇಳಲಿ. ಇದನ್ನ ತೋರಿಸಿದ್ರ ಅವರ ಮಾತಿಗಿ ಕಿಮ್ಮತ್ತ ಹೋಗತೈತಿ’ ಅಂದ್ಲು.”

ಮೇಲೆ ಬರೆದದ್ದನ್ನು ತಿದ್ದಿಲ್ಲ. ನಾನು ನೆನಪಿಟ್ಟುಕೊಂಡದ್ದು ಹಾಗೆ ಎಂಬುದಕ್ಕೆ ಅದು ದಾಖಲೆಯಾಗಿ ಉಳಿಯಲಿ. ಎರಡು ಮೂಲಗಳು ಪರಸ್ಪರ ಹೊಂದುವುದಿಲ್ಲ. ದಿನಚರಿಯ ಪ್ರಕಾರ ಮೊದಲ ಭೇಟಿ ಆಗಸ್ಟ್ ೨೩; ಭೇಟಿ ಪುಸ್ತಕದ ಪ್ರಕಾರ ಎಪ್ರಿಲ್ ೨೦. ಕೈಬರಹವನ್ನು ಭೂತಗನ್ನಡಿ ಹಿಡಿದು ತಾಳೆ ನೋಡಿದ್ದೇನೆ. ಎಪ್ರಿಲ್ ೨೦ರ ಸಹಿ ನನ್ನದು.